ಗಾಡಿ ಬಂತು, ಸುದ್ದಿ ಬರಲಿಲ್ಲ

ಜೇವರ್ಗಿಯಿಂದ ಹೊರಟು ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ತಿಂಥಣಿ ಬಳಿ ಕೃಷ್ಣೆಯನ್ನು ದಾಟಿ ರಾಯಚೂರು ಜಿಲ್ಲೆಗೆ ಬರುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾಯ್ದು ದಢೇಸುಗೂರಿನ ಕಡೆ ತುಂಗಭದ್ರೆಗೆ ಇಳಿಯುತ್ತದೆ. ಈ ಮೂರು ಊರುಗಳಲ್ಲಿ ಸಿಂಧನೂರು ರೈಲು ಕಂಡದ್ದು 2024ರಲ್ಲಿ. ಉಳಿದೆರಡಕ್ಕೆ ಇನ್ನೂ ರಸ್ತೆಯೇ ಗತಿ. ಸಿಂಧನೂರಿನ ಅಕ್ಕಿ ಹೊರಹೋಗುವುದು ಈ ದಾರಿಯಲ್ಲೇ, ಹಟ್ಟಿ ಚಿನ್ನದ ಗಣಿಗೆ ಜನ ಬಂದುಹೋಗುವುದೂ ಇದರಲ್ಲೇ. ಕಾಲುವೆ ನೀರು ಕಾಣದ ಊರುಗಳವರು ಗುಳೆ ಹೋಗುವುದೂ ಇದೇ ರಸ್ತೆ ಹಿಡಿದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಹಳ್ಳಿಗೂ ಹರಿಯದ ಹಳ್ಳಿಗೂ ಇಲ್ಲಿ ಕೆಲವೇ ಮೈಲಿ ಅಂತರ. ಒಂದೆಡೆ ನಾಟಿಗೆ ಹೊರಗಿನಿಂದ ಆಳು ಬರುತ್ತಾರೆ, ಪಕ್ಕದಲ್ಲೇ ಮನೆಗೆ ಬೀಗ ಹಾಕಿ ಬೆಂಗಳೂರು, ಪುಣೆ, ಮುಂಬೈ, ಗೋವಾ ಕಡೆ ಹೊರಡುತ್ತಾರೆ. ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ 5ಎ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಧರಣಿ ಕೂತದ್ದು ಸುಮ್ಮನೆ ಅಲ್ಲ.

ರಸ್ತೆಯಲ್ಲಿ ಓಡುವ ವಾಹನಗಳು ಈಗ ತಾವೆಲ್ಲಿದ್ದೇವೆಂದು ತಾವೇ ಹೇಳಬಲ್ಲವು. ಹಾಗಿದ್ದಮೇಲೆ ಅವು ಹೊತ್ತು ತರುವ ರೋಗದ ಸುದ್ದಿಯನ್ನೂ ಹೇಳಿಸಬಹುದೆ, ಹರಡುವುದನ್ನು ತಡೆಯಬಹುದೆ ಎಂಬ ಪ್ರಶ್ನೆ ಕೋವಿಡ್ ಕಾಲದಲ್ಲಿ ಜಗತ್ತಿನ ಹಲವೆಡೆ ಎದ್ದಿತು. ಉತ್ತರಗಳೂ ಬಂದವು. ಕೆಲವು ಉಪಯೋಗಕ್ಕೆ ಬಂದವು, ಬಹಳಷ್ಟು ಪ್ರದರ್ಶನದಲ್ಲೇ ಮುಗಿದವು. ಅವನ್ನು ಈ ಮೂರು ತಾಲೂಕುಗಳ ರಸ್ತೆಗೆ ತಂದು ನಿಲ್ಲಿಸಿ ನೋಡಿದರೆ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ಬೇಗ ತಿಳಿಯುತ್ತದೆ.

2020ರ ಮೇ ಆರಂಭದಲ್ಲಿ ರಾಯಚೂರು ಹಸಿರು ವಲಯದಲ್ಲಿತ್ತು. ದೇಶದ ಮೊದಲ ಕೋವಿಡ್ ಸಾವು ಮಾರ್ಚಿನಲ್ಲಿ ಹತ್ತಿರದ ಕಲಬುರಗಿಯಲ್ಲೇ ಆಗಿದ್ದರೂ ಇಲ್ಲಿ ಸೋಂಕು ಕಂಡಿರಲಿಲ್ಲ. ಲಾಕ್‌ಡೌನ್ ಸಡಿಲವಾಗಿ ಬೆಂಗಳೂರಿನಿಂದ ಕೂಲಿಕಾರರನ್ನು ಸರ್ಕಾರಿ ಬಸ್ಸುಗಳು ಉಚಿತವಾಗಿ ಊರಿಗೆ ಕರೆತಂದವು. ಮಹಾರಾಷ್ಟ್ರದಿಂದ ಬರುವವರು ಸೇವಾಸಿಂಧುವಿನಲ್ಲಿ ನೋಂದಾಯಿಸಿ ಪಾಸ್ ಪಡೆಯಬೇಕಿತ್ತು. ತಿಂಗಳ ಉತ್ತರಾರ್ಧದಲ್ಲಿ ಮುಂಬೈ, ಪುಣೆಗಳಿಂದ ಮರಳಿದವರಲ್ಲಿ ಸೋಂಕು ಕಾಣಿಸಿಕೊಂಡು ರಾಯಚೂರು, ಯಾದಗಿರಿ, ಕಲಬುರಗಿಗಳ ಸಂಖ್ಯೆ ದಿನದಿನಕ್ಕೆ ಏರಿತು. ಶಾಲೆ, ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರಗಳಾದವು. ಪಾಸ್ ಪಡೆದವರ ಪಟ್ಟಿಯೇನೋ ಕಂಪ್ಯೂಟರಿನಲ್ಲಿತ್ತು. ಪಾಸ್ ಸಿಗದೆ ತರಕಾರಿ ಗಾಡಿಯಲ್ಲಿ, ಲಾರಿಯಲ್ಲಿ ಬಂದು ರಾತ್ರೋರಾತ್ರಿ ತಾಂಡಾ ಸೇರಿದವರ ಪಟ್ಟಿ ಅದರಲ್ಲಿರಲಿಲ್ಲ. ಅದು ಸಿಕ್ಕಿದ್ದು ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರಿಗೆ. ಅವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದುದು ಮೂರೇ ಮಾತು: ಯಾವ ಗಾಡ್ಯಾಗ ಬಂದೀರಿ? ಜೋಡಿ ಯಾರ್ಯಾರು ಇದ್ರು? ನಡುವೆ ಎಲ್ಲಿ ಇಳಿದಿದ್ರಿ?

ಸಾಂಕ್ರಾಮಿಕ ರೋಗದ ಪತ್ತೆಗೆ ವಾಹನದಿಂದ ಬೇಕಾದದ್ದೆಲ್ಲ ಈ ಮೂರು ಪ್ರಶ್ನೆಗಳಲ್ಲೇ ಇದೆ. ಯಾವ ಯಂತ್ರ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದರಿಂದಲೇ ಅದನ್ನು ಅಳೆಯಬೇಕು.

ಪ್ರಶ್ನೆ ಹಳೆಯದು. 1871ರಲ್ಲಿ ಮುಂಬೈ ಕಡೆಯ ರೈಲೂ ಮದ್ರಾಸ್ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದವು. ಲಿಂಗಸುಗೂರು ಆಗ ನಿಜಾಮರ ಸಂಸ್ಥಾನದಲ್ಲಿ ತಾನೇ ಒಂದು ಜಿಲ್ಲಾ ಕೇಂದ್ರ, ದಂಡು ಇದ್ದ ಊರು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ಹಳಿಗಳ ಮೇಲೆ ದಕ್ಷಿಣಕ್ಕೆ ನಡೆಯಿತು. 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಬೆಂಗಳೂರು ಮುಟ್ಟಿತು. ಮದ್ರಾಸ್ ಸರ್ಕಾರ ಆಗ ಮಾಡಿದ ಏರ್ಪಾಡು ಪ್ಲೇಗ್ ಪಾಸ್‌ಪೋರ್ಟ್. ರೋಗವಿದ್ದ ಕಡೆಯಿಂದ ಬಂದವನನ್ನು ತಡೆದು ಕೂಡಿಹಾಕುವ ಬದಲು ಒಂದು ಚೀಟಿ ಕೊಟ್ಟು ಕಳಿಸುವುದು, ಅವನು ತನ್ನೂರಲ್ಲಿ ಹತ್ತು ದಿನ ಅಧಿಕಾರಿಗೆ ಮುಖ ತೋರಿಸುವುದು. ರೈಲು ನಿಲ್ಲದೆ ರೋಗದ ಮೇಲೆ ಕಣ್ಣಿಡುವ ಲೆಕ್ಕ ಅದು. ಬೆಂಗಳೂರಿನಲ್ಲಿ ಪ್ಲೇಗಿನ ಕೆಲಸಕ್ಕೆಂದೇ ಟೆಲಿಫೋನ್ ತಂತಿ ಎಳೆದರು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಧೂಳು ಕೊಡವಿ ಹೊರತೆಗೆದರು. ನೂರಿಪ್ಪತ್ತು ವರ್ಷ ಕಳೆದರೂ ಸರ್ಕಾರದ ಕೈಯಲ್ಲಿದ್ದ ಉಪಾಯ ಅವೆರಡೇ: ಒಂದು ಚೀಟಿ, ಒಂದು ತಂತಿ. ಈಗಿನದಕ್ಕೆ ಕಾಗದವೂ ಬೇಡ, ತಂತಿಯೂ ಬೇಡ.

ಈಗಿನ ವಾಹನದಲ್ಲಿ ಏನಿದೆ ನೋಡೋಣ. 2019ರ ಜನವರಿ 1ರ ನಂತರ ನೋಂದಣಿಯಾದ ಬಸ್ಸು, ಟ್ಯಾಕ್ಸಿ ಮುಂತಾದ ಪ್ರಯಾಣಿಕ ವಾಹನಗಳಲ್ಲಿ ಸ್ಥಳ ಹೇಳುವ ಸಾಧನ ಮತ್ತು ತುರ್ತು ಗುಂಡಿ ಇರಬೇಕೆಂದು ಕೇಂದ್ರದ ನಿಯಮ. ಎಐಎಸ್ 140 ಎಂಬುದು ಅದರ ಮಾನದಂಡದ ಹೆಸರು. ಡ್ಯಾಶ್‌ಬೋರ್ಡಿನ ಹಿಂದೆ ಸಿಕ್ಕಿಸಿದ ಒಂದು ಕಪ್ಪು ಡಬ್ಬಿ. ಒಳಗೆ ಉಪಗ್ರಹದ ಸಂಕೇತ ಹಿಡಿಯುವ ಚಿಪ್ಪು, ನಮ್ಮದೇ ನಾವಿಕ್ ಉಪಗ್ರಹಗಳೂ ಅದಕ್ಕೆ ಸೇರಿವೆ. ಬಿಚ್ಚಿ ತೆಗೆಯಲಾಗದ ಸಿಮ್. ಗಾಡಿಯ ಬ್ಯಾಟರಿ ಕಿತ್ತರೂ ನಾಲ್ಕು ತಾಸು ನಡೆಯುವ ತನ್ನದೇ ಬ್ಯಾಟರಿ. ಸೀಟಿನ ಪಕ್ಕ ಕೆಂಪು ಗುಂಡಿಗಳು. ಚಾಲಕರ ಬಾಯಲ್ಲಿ ಇದು ಎಫ್‌ಸಿಗೆಂದು ಹಾಕಿಸುವ ಡಬ್ಬಿ. ಗುಂಡಿ ಒತ್ತಿದರೆ ಆ ಕಡೆ ಯಾರು ಎತ್ತುತ್ತಾರೆ ಎಂದು ಕೇಳಿದರೆ ನಗುತ್ತಾರೆ. ಇದರ ಜೊತೆಗೆ 2021ರ ಫೆಬ್ರವರಿಯಿಂದ ಟೋಲ್‌ಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್, ಸರಕು ಲಾರಿಗಳ ಇ-ವೇ ಬಿಲ್ಲು, ಕಂಡಕ್ಟರ ಕೈಯಲ್ಲಿರುವ ಟಿಕೆಟ್ ಯಂತ್ರ. ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕ ತನ್ನ ಲಾರಿ ಯಾವ ಡಾಬಾದ ಮುಂದೆ ನಿಂತಿದೆ ಎಂದು ಮನೆಯಲ್ಲಿ ಕೂತೇ ಫೋನಿನಲ್ಲಿ ನೋಡಬಲ್ಲ.

ಇವೆಲ್ಲ ಮೊದಲನೆಯ ಪ್ರಶ್ನೆಗೆ, ಮೂರನೆಯದರ ಅರ್ಧಕ್ಕೆ ಉತ್ತರ. ಗಾಡಿ ಎಲ್ಲಿತ್ತು ಎಂದು ಡಬ್ಬಿ ಹೇಳುತ್ತದೆ, ಒಳಗೆ ಯಾರಿದ್ದರು ಎಂದು ಅದಕ್ಕೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಗುಳೆ ಹೋಗುವ ಜನ ಹತ್ತುವ ಗಾಡಿಯಲ್ಲಿ ಬಹಳ ಸಲ ಆ ಡಬ್ಬಿಯೇ ಇರುವುದಿಲ್ಲ. ಅವರದು ಕ್ರೂಸರ್, ಟಂಟಂ, ಬಿಳಿ ಬೋರ್ಡಿನ ಗಾಡಿ, ಇಲ್ಲವೇ ಸರಕು ಗಾಡಿಯ ಹಿಂಬದಿ. 2022ರ ಆಗಸ್ಟಿನಲ್ಲಿ ರಾಯಚೂರು ಜಿಲ್ಲೆಯ ಕೂಲಿಕಾರರನ್ನು ಬೆಂಗಳೂರಿಗೆ ಒಯ್ಯುತ್ತಿದ್ದ ಕ್ರೂಸರ್ ಶಿರಾ ತಾಲೂಕಿನ ಕಳ್ಳಂಬೆಳ್ಳ ಬಳಿ ಲಾರಿಗೆ ಬಡಿದು ಒಂಬತ್ತು ಜನ ಸತ್ತರು. ಆ ಒಂದು ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಯಿದ್ದರು, ಮಕ್ಕಳೂ ಇದ್ದರು. ಯಾರ್ಯಾರು ಇದ್ದರೆಂಬ ಪಟ್ಟಿ ತಯಾರಾದದ್ದು ಆಸ್ಪತ್ರೆಯಲ್ಲಿ. ಆ ಗಾಡಿ ಅಪಘಾತವಿಲ್ಲದೆ ಊರು ಮುಟ್ಟಿದ್ದರೆ, ಒಳಗೊಬ್ಬರಿಗೆ ಕ್ಷಯವೋ ದಡಾರವೋ ಇದ್ದಿದ್ದರೆ, ಪಟ್ಟಿ ಎಂದೂ ತಯಾರಾಗುತ್ತಿರಲಿಲ್ಲ. ಸಂಪರ್ಕಿತ ವಾಹನದ ಬಗ್ಗೆ ಬರೆಯುವವರು ಮೊದಲು ನೋಡಬೇಕಾದದ್ದು ಸಂಪರ್ಕವೇ ಇಲ್ಲದ ಈ ವಾಹನವನ್ನು.

ಪಟ್ಟಿ ಎಲ್ಲೂ ಇಲ್ಲವೆಂದಲ್ಲ, ಮೇಸ್ತ್ರಿಯ ಫೋನಿನಲ್ಲಿರುತ್ತದೆ. ಯಾವ ತಾಂಡಾದಿಂದ ಎಷ್ಟು ಜೋಡಿ, ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದೇನೆ, ಯಾರು ಯಾವ ಸೈಟಿಗೆ, ಗಾಡಿ ಬಾಡಿಗೆ ಎಷ್ಟು ಎಂಬುದೆಲ್ಲ ಅವನಿಗೆ ಗೊತ್ತು. ಗೊತ್ತಿರಲೇಬೇಕು, ಅವನ ದುಡ್ಡು ಅದರಲ್ಲಿದೆ. 2020ರಲ್ಲಿ ಜಿಲ್ಲಾಡಳಿತಗಳು ಆಪ್‌ಗಳ ಬೆನ್ನು ಹತ್ತುವ ಬದಲು ಮೇಸ್ತ್ರಿಗಳನ್ನು ಕರೆದು ಚಹ ಕೊಟ್ಟು ಕೂರಿಸಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತೆಂದು ನನಗೆ ಅನಿಸುತ್ತದೆ. ಆಗ ಬಂದ ಆಪ್‌ಗಳಾದರೂ ಎಂಥವು? ಏಪ್ರಿಲ್ 2ರಂದು ಬಂದ ಆರೋಗ್ಯ ಸೇತುವಿಗೆ ಬ್ಲೂಟೂತ್ ಇರುವ ಸ್ಮಾರ್ಟ್‌ಫೋನ್ ಬೇಕಿತ್ತು. ರಾಜ್ಯದ ಕ್ವಾರಂಟೈನ್ ವಾಚ್‌ಗೆ ತಾಸಿಗೊಂದು ಸೆಲ್ಫಿ ಕಳಿಸಬೇಕಿತ್ತು. ಗುಂಡಿ ಒತ್ತುವ ಫೋನಿಟ್ಟುಕೊಂಡು ಸಿಮೆಂಟು ಹೊರುವ ಹೆಣ್ಣುಮಗಳು ಈ ಎರಡರ ಲೆಕ್ಕಕ್ಕೂ ಸಿಗುವವಳಾಗಿರಲಿಲ್ಲ.

ಮುಚ್ಚಿದ ವಾಹನದಲ್ಲಿ ರೋಗ ಹೇಗೆ ಹರಡುತ್ತದೆಂದು ಚೆನ್ನಾಗಿ ತೋರಿಸಿದ್ದು ಚೀನಾದ ನಿಂಗ್‌ಬೋ ಊರಿನ ಒಂದು ಬಸ್ಸು. 2020ರ ಜನವರಿ 19ರಂದು ಬೌದ್ಧ ದೇವಾಲಯದ ಪೂಜೆಗೆಂದು ಎರಡು ಬಸ್ಸುಗಳಲ್ಲಿ ಜನ ಹೋದರು. ಹೋಗಲು ಐವತ್ತು ನಿಮಿಷ, ಬರಲು ಐವತ್ತು ನಿಮಿಷ. ಎರಡನೆಯ ಬಸ್ಸಿನಲ್ಲಿ ಸೋಂಕಿತರೊಬ್ಬರು ಇದ್ದರು. ಅದರಲ್ಲಿದ್ದ 68 ಜನರಲ್ಲಿ ಅವರೂ ಸೇರಿ 24 ಮಂದಿಗೆ ರೋಗ ಖಚಿತವಾಯಿತು. ಮೊದಲ ಬಸ್ಸಿನ 60 ಜನರಲ್ಲಿ ಒಬ್ಬರಿಗೂ ಇಲ್ಲ. ಎರಡನೆಯ ಬಸ್ಸಿನ ಎಸಿ ಒಳಗಿನ ಗಾಳಿಯನ್ನೇ ತಿರುತಿರುಗಿ ಊದುತ್ತಿತ್ತು. ಸೋಂಕಿತರ ಪಕ್ಕ ಕೂತವರಿಗೇ ಹೆಚ್ಚು, ದೂರ ಕೂತವರಿಗೆ ಕಡಿಮೆ ಎಂಬ ಲೆಕ್ಕ ಅಲ್ಲಿ ನಡೆಯಲಿಲ್ಲ. ಹಿಂದಿನ ಸಾಲುಗಳಲ್ಲಿದ್ದವರಿಗೂ ತಗುಲಿತು. ತೆರೆಯಬಹುದಾದ ಕಿಟಕಿಯ ಪಕ್ಕದಲ್ಲಿದ್ದವರು ಬಹುಪಾಲು ಪಾರಾದರು.

ಇದನ್ನು ಓದಿದಮೇಲೆ ಸಿಂಧನೂರು ಬಸ್ ನಿಲ್ದಾಣಕ್ಕೆ ಹೋಗಿ ನಿಂತರೆ ನೋಟವೇ ಬೇರೆ. ಗಡಗಡ ಅಲುಗುವ ಕಿಟಕಿ, ಅರ್ಧ ತೆರೆದ ಗಾಜು, ಮುಚ್ಚದ ಬಾಗಿಲು. ಲಿಂಗಸುಗೂರಿಗೆ ಹೊರಟ ಕೆಂಪು ಬಸ್ಸಿನಲ್ಲಿ ಎಂಬತ್ತು ಜನ ನಿಂತಿದ್ದರೂ ಗಾಡಿ ಓಡುವಾಗ ಗಾಳಿ ಬಡಿಯುತ್ತಲೇ ಇರುತ್ತದೆ. ಇದೇ ಊರಿನಿಂದ ರಾತ್ರಿ ಬೆಂಗಳೂರಿಗೆ ಹೊರಡುವ ಎಸಿ ಸ್ಲೀಪರ್‌ನಲ್ಲಿ ಅದರ ಅರ್ಧದಷ್ಟೂ ಜನ ಇರುವುದಿಲ್ಲ, ಪರದೆ ಎಳೆದುಕೊಂಡು ಮಲಗಿರುತ್ತಾರೆ. ಸುರಕ್ಷಿತ ಅನಿಸುವುದು ಎರಡನೆಯದು, ಹೆಚ್ಚು ಅಪಾಯ ಇರುವುದೂ ಅಲ್ಲೇ. ಬೆಳಗಿನವರೆಗೆ ಅದೇ ಗಾಳಿ. ಡಬ್ಬಿಗೆ ಒಂದು ಒಳ್ಳೆಯ ಕೆಲಸ ಕೊಡುವುದಾದರೆ ಇದನ್ನು ಕೊಡಬಹುದು. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 420 ಭಾಗ, ನಮ್ಮ ಉಸಿರಿನಲ್ಲಿ ಸುಮಾರು 40,000. ಬಸ್ಸಿನೊಳಗೆ ಅದು 2,000ಕ್ಕೆ ಏರಿದರೆ ನಾವು ಎಳೆದುಕೊಳ್ಳುವ ನೂರು ಪಾಲು ಗಾಳಿಯಲ್ಲಿ ನಾಲ್ಕು ಪಾಲು ಈಗಾಗಲೇ ಬೇರೆಯವರ ಪುಪ್ಪುಸ ಸುತ್ತಿ ಬಂದದ್ದು. ಇದನ್ನು ಅಳೆಯುವ ಸಂವೇದಕಕ್ಕೆ ಕೆಲವು ಸಾವಿರ ರೂಪಾಯಿ. ಮಟ್ಟ ಏರಿದಾಗ ಹೊರಗಾಳಿಯ ತೂಬು ತಾನೇ ತೆರೆಯುವಂತೆ, ಚಾಲಕನಿಗೆ ದೀಪ ಹೊತ್ತುವಂತೆ, ಮಾಲೀಕನ ಪರದೆಯಲ್ಲಿ ಕಾಣುವಂತೆ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಯಾರ ಹೆಸರೂ ಬೇಡ, ಯಾರ ಫೋನೂ ಬೇಡ. ಕೋವಿಡ್‌ಗೂ ಸೈ, ಜ್ವರದ ಹಂಗಾಮಿಗೂ ಸೈ, ರೋಗಿ ಇಳಿದುಹೋದಮೇಲೂ ಎರಡು ತಾಸಿನವರೆಗೆ ಗಾಳಿಯಲ್ಲಿ ಉಳಿಯಬಲ್ಲ ದಡಾರಕ್ಕೂ ಸೈ.

ಪ್ರದರ್ಶನದ ತಂತ್ರಗಳನ್ನು ಬೇಗ ಮುಗಿಸೋಣ. ಬಸ್ಸಿಗೆ ಔಷಧ ಸಿಂಪಡಿಸಿ ಫೋಟೋ ತೆಗೆಸಿಕೊಂಡದ್ದು ಎಲ್ಲ ಡಿಪೋಗಳಲ್ಲೂ ನಡೆಯಿತು. ಉತ್ತರ ಪ್ರದೇಶದ ಬರೇಲಿಯಲ್ಲಂತೂ ಊರಿಗೆ ಮರಳಿದ ಕೂಲಿಕಾರರನ್ನೇ ರಸ್ತೆಯಲ್ಲಿ ಕೂರಿಸಿ ಸಿಂಪಡಿಸಿದರು. ಅಮೆರಿಕದ ಫೋರ್ಡ್ ಕಂಪನಿ ಪೊಲೀಸ್ ವಾಹನಗಳಿಗೆ ಒಂದು ತಂತ್ರಾಂಶ ಕೊಟ್ಟಿತು: ಎಂಜಿನ್ ಮತ್ತು ಹೀಟರ್ ಬಳಸಿ ಒಳಗಿನ ಬಿಸಿಯನ್ನು 56 ಡಿಗ್ರಿಗೆ ಏರಿಸಿ ಹದಿನೈದು ನಿಮಿಷ ಹಿಡಿಯುವುದು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಕಿಟಕಿ ಏರಿಸಿ ನಿಲ್ಲಿಸಿದ ಗಾಡಿಗೆ ಆ ತಂತ್ರಾಂಶ ಬೇಕಾಗಲಿಕ್ಕಿಲ್ಲ. ಇರಲಿ, ಕೋವಿಡ್ ಹರಡಿದ್ದು ಮುಖ್ಯವಾಗಿ ಗಾಳಿಯಿಂದ, ಸೀಟಿನ ರೆಕ್ಸಿನ್‌ನಿಂದಲ್ಲ ಎಂದು ತಿಳಿಯುವ ಹೊತ್ತಿಗೆ ಸಿಂಪಡಣೆಯ ಬಿಲ್ಲುಗಳು ಪಾಸಾಗಿದ್ದವು.

ರಸ್ತೆಗೂ ರೋಗಕ್ಕೂ ಇರುವ ನಂಟನ್ನು ಕೋವಿಡ್‌ಗಿಂತ ಬಹಳ ಮೊದಲೇ ಉತ್ತರ ಕರ್ನಾಟಕ ಕಲಿತಿತ್ತು, ಎಚ್‌ಐವಿಯಿಂದ. ದೇಶದಲ್ಲೇ ಹೆಚ್ಚು ಸೋಂಕಿದ್ದ ಜಿಲ್ಲೆಗಳಲ್ಲಿ ಕೆಲವು ಈ ಭಾಗದವು. ಲಾರಿ ಚಾಲಕರ ಮೇಲೆ ಎಲ್ಲರ ಬೆರಳು. ಆಗ ಲಾರಿ ತಡೆದು ರಕ್ತ ಪರೀಕ್ಷೆ ಮಾಡಿಸುವ ಮಾತೂ ಆಡಬಹುದಿತ್ತು. 2003ರಲ್ಲಿ ಆರಂಭವಾದ ಆವಾಹನ್ ಕಾರ್ಯಕ್ರಮ ಹಿಡಿದ ದಾರಿ ಬೇರೆ. ಲಾರಿಗಳು ತಾವಾಗಿ ಎಲ್ಲಿ ನಿಲ್ಲುತ್ತವೆ, ಎಷ್ಟು ಹೊತ್ತು ನಿಲ್ಲುತ್ತವೆ ಎಂದು ನೋಡಿ, ಸಾರಿಗೆ ನಗರಗಳಲ್ಲಿ, ತಂಗುದಾಣಗಳಲ್ಲಿ ಖುಷಿ ಹೆಸರಿನ ಚಿಕಿತ್ಸಾಲಯಗಳನ್ನು ತೆರೆದರು. ಚಾಲಕ ಬೆನ್ನುನೋವಿಗೆ ಬಂದರೂ ನೋಡುತ್ತಿದ್ದರು. ಕರ್ನಾಟಕದಲ್ಲಿ ಕೆಎಚ್‌ಪಿಟಿ ಸಂಸ್ಥೆ ಲೈಂಗಿಕ ವೃತ್ತಿಯಲ್ಲಿದ್ದ ದಮನಿತ ಹೆಣ್ಣುಮಕ್ಕಳನ್ನೇ ಮುಂದಿಟ್ಟುಕೊಂಡು ಕೆಲಸ ಮಾಡಿತು. ಗಾಡಿಯ ಓಡಾಟ ತಿಳಿದರೆ ಅದನ್ನು ತಡೆಯಬೇಕಿಲ್ಲ, ನಿಲ್ಲುವ ಕಡೆ ಸೇವೆ ಇಟ್ಟರಾಯಿತು ಎಂಬ ಪಾಠ ಇಲ್ಲೇ ಇತ್ತು. 2020ರಲ್ಲಿ ಚೆಕ್‌ಪೋಸ್ಟು ಕಟ್ಟಿದವರಿಗೆ ಅದು ನೆನಪಾಗಲಿಲ್ಲ.

ದನಕರುಗಳ ವಿಷಯದಲ್ಲಿ ಮಾತ್ರ ಲಾರಿ ತಡೆಯುವುದಕ್ಕೆ ಅರ್ಥವಿದೆ. 2001ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಪತ್ತೆಯಾಗುವ ಹೊತ್ತಿಗೆ ಕುರಿ ಸಂತೆಗಳಿಂದ ಹೊರಟ ಲಾರಿಗಳು ಅದನ್ನು ದೇಶದ ತುಂಬ ಹಂಚಿಬಿಟ್ಟಿದ್ದವು; ಅರವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಆಫ್ರಿಕನ್ ಹಂದಿಜ್ವರ ಬಂದ 2018ರಲ್ಲಿ ಚೀನಾ ಹಂದಿ ಸಾಗಿಸುವ ಲಾರಿಗಳು ನೋಂದಾಯಿಸಿಕೊಳ್ಳಬೇಕು, ಸ್ಥಳ ತಿಳಿಸುವ ಸಾಧನ ಹೊಂದಿರಬೇಕು ಎಂದಿತು. ನಮ್ಮಲ್ಲಿ 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಜಾನುವಾರು ಸಂತೆ, ಜಾತ್ರೆಗಳನ್ನು ನಿಲ್ಲಿಸಿದರು. ಈ ಮೂರು ತಾಲೂಕುಗಳ ರೈತನಿಗೆ ಎತ್ತು ಸಾಯುವುದೆಂದರೆ ಒಂದು ಹಂಗಾಮು ಸಾಯುವುದು. ಆ ಎತ್ತಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಇದೆ, ಅದನ್ನು ಸಾಗಿಸುವ ಲಾರಿಗೆ ನಂಬರು ಇದೆ, ದಾರಿಯಲ್ಲಿ ಫಾಸ್ಟ್ಯಾಗ್ ಇದೆ. ಓಲೆ ಪಶುಸಂಗೋಪನೆಯ ಲೆಕ್ಕ, ಲಾರಿ ಸಾರಿಗೆ ಇಲಾಖೆಯ ಲೆಕ್ಕ, ಫಾಸ್ಟ್ಯಾಗ್ ಹೆದ್ದಾರಿಯವರ ಲೆಕ್ಕ. ಮೂರನ್ನೂ ಕೂಡಿಸಿದರೆ ರೋಗ ಕಂಡ ಹಳ್ಳಿಯಿಂದ ಹಿಂದಿನ ವಾರ ಯಾವ ದನ ಎಲ್ಲಿಗೆ ಹೋಯಿತು ಎಂದು ಸಂಜೆಯೊಳಗೆ ಹೇಳಬಹುದು. ದನಕ್ಕೆ ಖಾಸಗಿತನದ ತಕರಾರಿಲ್ಲ, ಸಾಕಿದವನಿಗೆ ಪರಿಹಾರ ಸರಿಯಾಗಿ ಕೊಟ್ಟರೆ ಅವನದೂ ಇಲ್ಲ. ಸಂಪರ್ಕಿತ ವಾಹನದಿಂದ ರೋಗ ತಡೆಯುವ ಪ್ರಯೋಗವನ್ನು ಸಿಂಧನೂರಿನಲ್ಲಿ ಎಲ್ಲಿಂದ ಶುರು ಮಾಡಬೇಕೆಂದು ನನ್ನನ್ನು ಕೇಳಿದರೆ, ಮನುಷ್ಯರ ಬಸ್ಸಿಗಿಂತ ಮೊದಲು ದನದ ಲಾರಿಯಿಂದ ಎನ್ನುತ್ತೇನೆ.

ಗಾಡಿಗೆ ಸಂಬಂಧವೇ ಇಲ್ಲದ ರೋಗಗಳೂ ಇಲ್ಲಿ ಕಡಿಮೆಯಿಲ್ಲ, ಅದನ್ನು ಮರೆತು ಯಂತ್ರದ ಗುಂಗಿಗೆ ಬೀಳಬಾರದು. 2022ರ ಡಿಸೆಂಬರಿನಲ್ಲಿ ರಾಜ್ಯದ ಮೊದಲ ಝಿಕಾ ಪ್ರಕರಣ ಕಂಡದ್ದು ರಾಯಚೂರು ಜಿಲ್ಲೆಯಲ್ಲೇ. ಅದು ಸೊಳ್ಳೆಯ ಕೆಲಸ. ಅದೇ ವರ್ಷ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಜನ ಸತ್ತದ್ದು ನಲ್ಲಿಯ ಕಲುಷಿತ ನೀರು ಕುಡಿದು. ನೀರಿನ ಪೈಪಿಗೆ ಹಾಕಬೇಕಾದ ದುಡ್ಡನ್ನು ಬಸ್ಸಿನ ಡಬ್ಬಿಗೆ ಹಾಕಿದರೆ ಅದಕ್ಕಿಂತ ದೊಡ್ಡ ಪೆದ್ದತನ ಇನ್ನೊಂದಿಲ್ಲ.

ಹಾಗೆಂದು ಡಬ್ಬಿಗೆ ಕೆಲಸವೇ ಇಲ್ಲವೆಂದಲ್ಲ. ಇದೇ 150ಎ ಹೆದ್ದಾರಿಯ ಇನ್ನೊಂದು ತುದಿಯಲ್ಲಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ, 2021ರ ಮೇ 2 ಮತ್ತು 3ರ ನಡುವೆ 24 ರೋಗಿಗಳು ಸತ್ತರು. ಆಮ್ಲಜನಕ ಮೈಸೂರಿನಿಂದ ಬರಬೇಕಿತ್ತು, ಹೊತ್ತಿಗೆ ಬರಲಿಲ್ಲ. ಆಮ್ಲಜನಕದ ಟ್ಯಾಂಕರುಗಳಿಗೆ ಸ್ಥಳ ಹೇಳುವ ಸಾಧನ ಕಡ್ಡಾಯ ಮಾಡಿ ಕೇಂದ್ರ ಆದೇಶಿಸಿದ್ದು ಅದೇ ತಿಂಗಳು. ಡಬ್ಬಿ ಅಲ್ಲಿ ತನ್ನ ನಿಜವಾದ ಕೆಲಸಕ್ಕೆ ಸಿಕ್ಕಿತು: ರೋಗಿಯನ್ನು ಕಾಯುವುದಕ್ಕಲ್ಲ, ರೋಗಿಗೆ ಬೇಕಾದದ್ದು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುವುದಕ್ಕೆ. 2008ರ ನವೆಂಬರಿನಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್‌ ನಡೆಯುವುದೂ ಇದೇ ತತ್ತ್ವದ ಮೇಲೆ. 2ರಿಂದ 8 ಡಿಗ್ರಿಯೊಳಗೆ ಇರಬೇಕಾದ ಲಸಿಕೆಯ ತಾಪಮಾನವನ್ನು ಫೋನಿಗೆ ಕಳಿಸುವ ಇ-ವಿನ್ ವ್ಯವಸ್ಥೆಯೂ ಇದೇ ಜಾತಿಯದು. ಸಾಂಕ್ರಾಮಿಕದ ಕಾಲದಲ್ಲಿ ಆಸ್ಪತ್ರೆ ತ್ಯಾಜ್ಯದ ಚೀಲಗಳಿಗೆ ಸಂಕೇತ ಅಂಟಿಸಿ ಅವು ದಾರಿಯಲ್ಲಿ ಎಲ್ಲೋ ಹಳ್ಳಕ್ಕೆ ಬೀಳದಂತೆ ನೋಡಿಕೊಳ್ಳಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆಪ್ ತಂದಿತು. ಇವುಗಳಲ್ಲಿ ಯಾವುದಕ್ಕೂ ಪ್ರಯಾಣಿಕನ ಹೆಸರು ಬೇಕಿಲ್ಲ ಎಂಬುದನ್ನು ಗಮನಿಸಿ.

ಹೆಸರು ಬೇಕು ಎಂದ ಕೂಡಲೇ ಕೇಳಬೇಕಾದ ಪ್ರಶ್ನೆ: ಆ ಹೆಸರು ಆಮೇಲೆ ಎಲ್ಲಿಗೆ ಹೋಗುತ್ತದೆ? 2020ರ ಮಾರ್ಚಿನಲ್ಲಿ ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿದ್ದ ಸಾವಿರಾರು ಜನರ ವಿಳಾಸಗಳನ್ನು ನಮ್ಮ ಸರ್ಕಾರವೇ ಪ್ರಕಟಿಸಿತು. ಸಿಂಗಪುರದಲ್ಲಿ ರೋಗಪತ್ತೆಗೆಂದು ಮಾತ್ರ ಎಂದು ನಂಬಿಸಿ ಹಂಚಿದ ಟ್ರೇಸ್‌ಟುಗೆದರ್ ಆಪ್‌ನ ಮಾಹಿತಿಯನ್ನು ಪೊಲೀಸರೂ ತನಿಖೆಗೆ ಬಳಸಬಹುದೆಂದು 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಒಪ್ಪಿಕೊಳ್ಳಬೇಕಾಯಿತು. ಅದೇ ತಿಂಗಳು ಕರ್ನಾಟಕ ಹೈಕೋರ್ಟ್ ಆರೋಗ್ಯ ಸೇತುವಿನ ಮಾಹಿತಿಯನ್ನು ಬಳಕೆದಾರರ ಒಪ್ಪಿಗೆಯಿಲ್ಲದೆ ಹಂಚಬಾರದೆಂದು ಮಧ್ಯಂತರ ಆದೇಶ ಕೊಟ್ಟಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರೂ ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಸಾಂಕ್ರಾಮಿಕದ ಹೊತ್ತಿಗೆ ಒಪ್ಪಿಗೆಯ ನಿಯಮವನ್ನು ಸಡಿಲಿಸುತ್ತದೆ. ಬಾಗಿಲು ಯಾವಾಗ ತೆರೆಯಬೇಕೆಂದು ಹೇಳಿದ ಕಾನೂನು ಯಾವಾಗ ಮುಚ್ಚಬೇಕೆಂಬುದನ್ನೂ ಅಷ್ಟೇ ಬಿಗಿಯಾಗಿ ಹೇಳಬೇಕಿತ್ತು. ಈ ಕಡೆಯ ಹಳ್ಳಿಗಳಲ್ಲಿ ಅದರ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳುವುದಿಲ್ಲ. ಮುಂಬೈಯಿಂದ ಬಂದವರು ಎಂಬ ಹಣೆಪಟ್ಟಿ ತಾಂಡಾದವರಿಗೆ, ಕೇರಿಯವರಿಗೆ ಅಂಟಿದಷ್ಟು ಸಲೀಸಾಗಿ ಕಾರಿನಲ್ಲಿ ಬಂದಿಳಿದವರಿಗೆ ಅಂಟಲಿಲ್ಲ. ಯಾವ ಗಾಡಿಯಲ್ಲಿ ಬಂದರು ಎಂಬ ದಾಖಲೆ ಊರ ಹೊರಗೆ ನಿಲ್ಲಿಸುವ ದಾಖಲೆಯೂ ಆಗಬಲ್ಲದು. ಹಾಗಾಗುತ್ತದೆ ಎಂದು ಗೊತ್ತಾದ ದಿನ ಜನ ಡಬ್ಬಿ ಇರುವ ಬಸ್ಸು ಬಿಟ್ಟು ಮತ್ತೆ ಕ್ರೂಸರ್ ಹತ್ತುತ್ತಾರೆ.

ತಡೆಯುವ ಅಧಿಕಾರ ಇದ್ದವರೇ ಬೇಕಾದಾಗ ಕಣ್ಣು ಮುಚ್ಚುತ್ತಾರೆ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಏರುತ್ತಿದ್ದಾಗಲೇ, ಮಸ್ಕಿಯಲ್ಲಿ ಉಪಚುನಾವಣೆ ನಡೆಯಿತು. ವಾರಗಟ್ಟಲೆ ಸಭೆ, ಮೆರವಣಿಗೆ, ಹೊರಗಿನಿಂದ ಬಂದ ನಾಯಕರ ಸಾಲು ಕಾರುಗಳು, ಹಳ್ಳಿಗಳಿಂದ ಜನ ತುಂಬಿ ತಂದ ಗಾಡಿಗಳು. ಆ ವಾಹನಗಳ ಲೆಕ್ಕ ಕೇಳುವುದಕ್ಕೆ ಯಾವ ಉಪಗ್ರಹವೂ ಬೇಕಿರಲಿಲ್ಲ. ಯಾರೂ ಕೇಳಲಿಲ್ಲ, ಅಷ್ಟೆ.

ಹಾಗಿದ್ದರೆ ಹೆಸರಿಲ್ಲದ ಲೆಕ್ಕದಿಂದ ಉಪಯೋಗವಿದೆಯೆ? ಇದೆ. ಕೀನ್ಯಾದಲ್ಲಿ ಸುಮಾರು ಒಂದೂವರೆ ಕೋಟಿ ಮೊಬೈಲುಗಳ ಹೆಸರಿಲ್ಲದ ಓಡಾಟವನ್ನು ಮಲೇರಿಯಾ ನಕಾಶೆಯ ಮೇಲಿಟ್ಟು ನೋಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಿಕ್ಟೋರಿಯಾ ಸರೋವರದ ದಂಡೆಯಿಂದ ನೈರೋಬಿಗೆ ರೋಗ ಹೇಗೆ ಪ್ರಯಾಣ ಮಾಡುತ್ತದೆಂದು ಅದು ತೋರಿಸಿತು. ಉತ್ತರ ಕರ್ನಾಟಕದ ಕೂಲಿಕಾರರು ಕಟ್ಟಡ ಕೆಲಸಕ್ಕೆ ಹೋಗುವ ಮಂಗಳೂರಿನಲ್ಲಿ 2015ರಿಂದ ಮಲೇರಿಯಾ ಪ್ರಕರಣಗಳನ್ನು ನಕಾಶೆಯ ಸಮೇತ ಕ್ಷೇತ್ರ ಸಿಬ್ಬಂದಿಯ ಟ್ಯಾಬಿಗೆ ಕಳಿಸುವ ಏರ್ಪಾಡು ಬಂದು, ರೋಗ ಇಳಿಯಿತು. ನಮ್ಮ ಬಸ್ಸಿನಲ್ಲಿ ಇದಕ್ಕಿಂತ ಸರಳವಾದ ಲೆಕ್ಕವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಪ್ರಯಾಣಿಸುವ ಪ್ರತಿ ಹೆಣ್ಣುಮಗಳಿಗೂ ಕಂಡಕ್ಟರು ಶೂನ್ಯ ಟಿಕೆಟ್ ಹರಿದುಕೊಡುತ್ತಾರೆ. ಎಲ್ಲಿ ಹತ್ತಿದಳು, ಎಲ್ಲಿಗೆ ಎಂಬುದು ಯಂತ್ರದಲ್ಲಿ ಉಳಿಯುತ್ತದೆ, ಯಾರು ಎಂಬುದು ಟಿಕೆಟಿನ ಮೇಲಿರುವುದಿಲ್ಲ. ಯಾವ ವಾರ ಬೆಂಗಳೂರಿನಿಂದ ಮಸ್ಕಿಗೆ ಎಷ್ಟು ಜನ ಇಳಿದರು, ಯಾವ ಹಳ್ಳಿಯ ಕಡೆ ಹೋದರು ಎಂದು ತಿಳಿಯಲು ಇಷ್ಟು ಸಾಕು. ಗುಳೆ ಹೋದವರು ಮರಳುವುದೂ ಅಂದಾಜಿಗೆ ಸಿಗದ ವಿಷಯವಲ್ಲ: ಯುಗಾದಿ, ಮುದಗಲ್ಲಿನ ಮೊಹರಂ, ಗುರುಗುಂಟಾ ಅಮರೇಶ್ವರನ ಜಾತ್ರೆ, ಸೋಮಲಾಪುರದ ಅಂಬಾಮಠದ ಬನದ ಹುಣ್ಣಿಮೆ, ಪಂಚಾಯಿತಿ ಚುನಾವಣೆ.

ಈ ದಿನಗಳಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಘಟಕಗಳು ಹೆಚ್ಚುವರಿ ಬಸ್ಸು ಬಿಡಲು ಮೊದಲೇ ಯೋಜನೆ ಹಾಕುತ್ತವೆ: ಯಾವ ಮಾರ್ಗ, ಎಷ್ಟು ಗಾಡಿ, ಯಾವ ದಿನ. ಆ ಹಾಳೆಯ ಒಂದು ಪ್ರತಿ ತಾಲೂಕು ಆರೋಗ್ಯಾಧಿಕಾರಿಯ ಮೇಜಿಗೂ ಹೋಗುವಂತೆ ಆದೇಶಿಸಬಹುದು. ಅದನ್ನು ನೋಡಿ ಆ ವಾರ ಆ ಹಳ್ಳಿಯ ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಹಿಡಿದು ಹೊರಡಬಹುದು. ಸೈಟಿನಲ್ಲಿದ್ದಾಗ ತಪ್ಪಿದ ದಡಾರದ ಎರಡನೆಯ ಡೋಸು ಯಾವ ಮಗುವಿನದು, ಎರಡು ವಾರದಿಂದ ಕೆಮ್ಮುತ್ತಿರುವವರು ಯಾರು, ಕಫದ ಡಬ್ಬಿ ಯಾರಿಗೆ ಕೊಡಬೇಕು ಎಂದು ನೋಡಬಹುದು. ಕ್ರೂಸರ್‌ನವರ ಪಾಲಿಗೆ ಮೇಸ್ತ್ರಿಯ ಫೋನ್ ನಂಬರು ಅವಳ ಬಳಿ ಈಗಲೂ ಇದೆ.